ಗಾಡಿ ಸದ್ದು ಹಿಡಿಯುವ ಮೇಸ್ತ್ರಿಗಳು

‘ಅಣ್ಣಾ, ಹಿಂದ್ಗಡೆ ಒಂಥರಾ ಸೌಂಡ್ ಬರ್ತಿದೆ. ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಇಲ್ವೇ ಇಲ್ಲ.’

ಎಪಿಎಂಸಿ ಯಾರ್ಡುಗಳ ಆಸುಪಾಸಿನ ಗ್ಯಾರೇಜುಗಳಲ್ಲಿ ದಿನಾ ಕೇಳಿಬರುವ ಮಾತಿದು. ಗಾಡಿ ಹತ್ತು-ಹದಿನೈದು ವರ್ಷ ಓಡಿರುವ ಬೊಲೆರೊ ಪಿಕಪ್. ದಾರಿಯುದ್ದಕ್ಕೂ ತಲೆ ತಿಂದ ಸದ್ದು ಗ್ಯಾರೇಜಿನ ಮುಂದೆ ಬಂದು ನಿಂತ ಕೂಡಲೇ ಮಾಯ. ಡ್ರೈವರ್ ಮುಖ ಪೆಚ್ಚಾಗುತ್ತದೆ. ಅನುಭವಸ್ಥ ಮೇಸ್ತ್ರಿ ಮಾತ್ರ ಬಾನೆಟ್ ಎತ್ತುವುದಿಲ್ಲ, ಪ್ರಶ್ನೆ ಶುರು ಮಾಡುತ್ತಾನೆ. ‘ಲೋಡ್ ಇದ್ದಾಗ್ಲೋ, ಖಾಲಿ ಇದ್ದಾಗ್ಲೋ? ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇನೋ, ಬಿಸಿ ಆದ್ಮೇಲೋ? ಬ್ರೇಕ್ ಮುಟ್ಟಿದ್ರೆ ನಿಲ್ಲುತ್ತಾ?’

1986ರಲ್ಲಿ ಟಾಟಾ 407, 2000ದಲ್ಲಿ ಬೊಲೆರೊ, 2005ರಲ್ಲಿ ಟಾಟಾ ಏಸ್ ರಸ್ತೆಗಿಳಿದವು. ಕೋಲಾರದ ಟೊಮೆಟೊ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಮುಟ್ಟುವುದು ಬಹುಪಾಲು ಇಂಥ ಗಾಡಿಗಳ ಬೆನ್ನ ಮೇಲೆಯೇ. ಹೊಸ ಗಾಡಿಗೆ ಸ್ಕ್ಯಾನರ್ ಹಾಕಿದರೆ ಸೆನ್ಸರ್‌ಗಳ ದೂರು ಪರದೆಯ ಮೇಲೆ ಬರುತ್ತದೆ. ಆದರೆ ಸವೆದ ಬುಷ್ ಯಾವ ಸ್ಕ್ಯಾನರ್‌ಗೂ ಕಾಣುವುದಿಲ್ಲ. ಹಾಗಾಗಿ ಸದ್ದು ಹಿಡಿಯುವ ಈ ಕಸುಬಿಗೆ ಇನ್ನೂ ಬೆಲೆ ಇದೆ.

ಇದನ್ನು ಕಿವಿಯ ವಿದ್ಯೆ ಎನ್ನುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಇದು ಮುಖ್ಯವಾಗಿ ಕಳೆಯುವ ಲೆಕ್ಕ. ಗಾಡಿ ನಿಲ್ಲಿಸಿ ಎಂಜಿನ್ ರೇಸ್ ಮಾಡಿದಾಗಲೂ ಸದ್ದು ಬಂದರೆ ಚಕ್ರ, ಹಿಂದಿನ ಆಕ್ಸಲಿನೊಳಗಿನ ಕ್ರೌನ್ ಗೇರ್ ಎಲ್ಲವೂ ಲೆಕ್ಕದಿಂದ ಹೊರಗೆ. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಮಾತ್ರ ಗರಗರ ಎಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ತುಳಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ. ಫ್ಯಾನ್ ಬೆಲ್ಟ್ ಕಿರುಚುತ್ತಿದ್ದರೆ ಒಂದಿಷ್ಟು ನೀರು ಚಿಮುಕಿಸಿ ನೋಡುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸುವ ದೃಶ್ಯ ಎಲ್ಲರಿಗೂ ಗೊತ್ತಿರುವುದೇ. ಅದು ಬರುವುದು ಈ ಲೆಕ್ಕವೆಲ್ಲ ಮುಗಿದ ಮೇಲೆ.

ಬಂದು ಹೋಗುವ ಸದ್ದುಗಳಲ್ಲಿ ಮೇಸ್ತ್ರಿಯನ್ನು ಹೆಚ್ಚು ಆಟವಾಡಿಸುವುದು ಗಾಡಿಯಡಿಯ ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ನಡುವಿನ ಈ ಶಾಫ್ಟ್ ಬಾಗಬೇಕಾದ ಕಡೆಯಲ್ಲೆಲ್ಲ ಒಂದು ‘ಕ್ರಾಸ್’ ಇರುತ್ತದೆ. ಅದರ ನಾಲ್ಕು ತುದಿಗೆ ನಾಲ್ಕು ಕಪ್, ಕಪ್ಪಿನೊಳಗೆ ಸೂಜಿಯಂಥ ಸಣ್ಣ ರೋಲರುಗಳು. ಗ್ರೀಸ್ ಒಣಗಿದರೆ ಅಥವಾ ಮಳೆನೀರು ಒಳಸೇರಿದರೆ ನಿಧಾನವಾಗಿ ಹೋಗುವಾಗ ಕಿಚ್‌ಕಿಚ್ ಶುರು. ಇನ್ನೂ ಸವೆದರೆ ರಿವರ್ಸ್ ಹಾಕಿದಾಗ ಟಣ್ ಎನ್ನುತ್ತದೆ. ಲೋಡ್ ಹೇರಿದಾಗ ಹಿಂದಿನ ಕಮಾನ್ ಪ್ಲೇಟುಗಳು ಚಪ್ಪಟೆಯಾಗಿ ಶಾಫ್ಟಿನ ಓರೆ ಬದಲಾಗುತ್ತದೆ. ಅದಕ್ಕೇ ಮೂಟೆ ತುಂಬಿದಾಗ ಬರುವ ಸದ್ದು ಖಾಲಿ ಗಾಡಿಯಲ್ಲಿ ಸುಳಿಯದೆ ಹೋಗಬಹುದು. ಜಾಕ್ ಹಾಕಿ ಚಕ್ರ ತಿರುಗಿಸಿ ‘ಏನೂ ಇಲ್ಲ’ ಎನ್ನುವವರು ಎಡವುವುದು ಇಲ್ಲೇ.

ಸದ್ದು ಚಕ್ರದ್ದೋ ಶಾಫ್ಟಿನದೋ ಎಂದು ತಿಳಿಯಲು ಸರಳವಾದ ಉಪಾಯವಿದೆ. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಖಾಲಿ ಜಾಗದಲ್ಲಿ ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಲು ಹೇಳಿ, ಪಕ್ಕದಲ್ಲಿ ತುಸು ದೂರದಿಂದ ನಡೆಯುತ್ತಾ ಎಣಿಸುವುದು. ಗೆರೆ ಒಂದು ಸುತ್ತು ಬರುವಷ್ಟರಲ್ಲಿ ಒಂದೇ ಸಲ ಟಕ್ ಎಂದರೆ ಚಕ್ರ, ಡ್ರಮ್ ಕಡೆಯ ದೋಷ. ನಾಲ್ಕೈದು ಸಲ ಬಂದರೆ ಶಾಫ್ಟಿನದು. ಯಾಕೆಂದರೆ ಇಂಥ ಗಾಡಿಗಳಲ್ಲಿ ಚಕ್ರ ಒಂದು ಸುತ್ತುವಷ್ಟರಲ್ಲಿ ಶಾಫ್ಟ್ ಹೆಚ್ಚುಕಡಿಮೆ ಅಷ್ಟು ಸುತ್ತು ತಿರುಗಿರುತ್ತದೆ. ಆಮೇಲೆ ಚಕ್ರಗಳಿಗೆ ಕಲ್ಲು ಕೊಟ್ಟು ಅಡಿಗೆ ತೂರಿ ಟಾರ್ಚ್ ಬಿಟ್ಟು ನೋಡಬೇಕು. ಕಪ್ಪಿನ ಸುತ್ತ ಇಟ್ಟಿಗೆ ಬಣ್ಣದ ಪುಡಿ ಅಂಟಿದ್ದರೆ ಅದು ಒಳಗಿನ ರೋಲರುಗಳು ತುಕ್ಕು ಹಿಡಿದು ಉದುರಿಸಿದ್ದು. ಹೊಸ ಕ್ರಾಸ್ ತರಿಸಲು ಅಷ್ಟು ಪುರಾವೆ ಸಾಕು.

ವೀಲ್ ಬೇರಿಂಗ್‌ನದು ಬೇರೆ ಬಗೆ. ವೇಗ ಏರಿದಂತೆ ಗೊಯ್ ಎನ್ನುವ ಸದ್ದೂ ಏರುತ್ತದೆ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಗೆ ಬೀಳುತ್ತದಲ್ಲ, ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗನ್ನೇ ಮೊದಲು ನೋಡಬೇಕು.

ಎಷ್ಟೋ ಸಲ ಇಷ್ಟೆಲ್ಲ ತನಿಖೆಯ ಕೊನೆಗೆ ಸಿಗುವುದು ಸೀಟಿನಡಿ ಸಡಿಲವಾಗಿ ಬಿದ್ದಿರುವ ಜಾಕ್, ಇಲ್ಲವೇ ಸೈಲೆನ್ಸರ್ ನೇತುಹಾಕಿದ ಹರಿದ ರಬ್ಬರ್! ಅದಕ್ಕೇ ಜಾಣ ಮೇಸ್ತ್ರಿ ಕೈಗೆ ಸಿಗುವುದನ್ನೆಲ್ಲ ಮೊದಲು ಅಲ್ಲಾಡಿಸಿ ನೋಡುತ್ತಾನೆ.

ಕಸುಬಿಗೆ ಕೆಟ್ಟ ಹೆಸರು ತರುವವರೂ ಇದ್ದಾರೆ. ‘ಮೊದ್ಲು ಬೇರಿಂಗ್ ಹಾಕೋಣ, ಹೋಗ್ಲಿಲ್ಲ ಅಂದ್ರೆ ಕ್ರೌನ್ ಬಿಚ್ಚೋಣ’ ಎನ್ನುವ ಜಾತಿ. ಇದು ರಿಪೇರಿಯಲ್ಲ, ಗಿರಾಕಿಯ ದುಡ್ಡಿನಲ್ಲಿ ಆಡುವ ಜೂಜು. ಇನ್ನು ಕೆಲವರು ಹಳೇ ಅಭ್ಯಾಸ ಬಿಡರು. ಪಂಪ್‌ನಿಂದ ಡೀಸೆಲ್ ಹೋಗುವ ಹಳೆಯ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ, ಬಡಿತ ಯಾವ ಸಿಲಿಂಡರಿನದೆಂದು ಕಂಡುಹಿಡಿಯುವ ರೂಢಿಯಿತ್ತು. ಈಗಿನ ಕಾಮನ್ ರೈಲ್ ಎಂಜಿನ್ ಓಡುತ್ತಿರುವಾಗ ಇದನ್ನು ಮಾಡಲೇಬಾರದು. ಅದರ ಪೈಪಿನಲ್ಲಿ ಒತ್ತಡ 1000 ಬಾರ್ ದಾಟಬಲ್ಲದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ನಿಮ್ಮ ಗಾಡಿಯಲ್ಲೂ ಇಂಥ ಸದ್ದಿದ್ದರೆ ಅದು ಯಾವ ವೇಗದಲ್ಲಿ, ಎಷ್ಟು ಲೋಡಿನಲ್ಲಿ, ಏನು ಮಾಡಿದಾಗ ಬಂತೆಂದು ಬರೆದಿಟ್ಟುಕೊಂಡು ಗ್ಯಾರೇಜಿಗೆ ಹೋಗಿ. ಸಾಧ್ಯವಾದರೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ. ಬ್ರೇಕ್ ತುಳಿದಾಗ ಅಥವಾ ಸ್ಟೀರಿಂಗ್ ತಿರುಗಿಸಿದಾಗ ಹೊಸದಾಗಿ ಸದ್ದು ಕೇಳಿಸಿದರೆ ಮಾತ್ರ ಈ ಪತ್ತೇದಾರಿಕೆಗೆ ಕಾಯಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಮೊದಲು ಚಕ್ರದ ನಟ್‌ಗಳನ್ನು ನೋಡಿ, ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿ.