ಎರಡೂವರೆ ಗಳಿಗೆಯ ಬಯಲು

ಸೆರೆಮನೆಗೆ ನಮ್ಮ ಜನರು ಇಟ್ಟ ಹೆಸರುಗಳು ಒಂದೆರಡಲ್ಲ. ಗ್ರಂಥಗಳಲ್ಲಿ ಅದು ಕಾರಾಗೃಹ, ಹಳೆಯ ದಫ್ತರಗಳಲ್ಲಿ ಬಂದೀಖಾನೆ, ಮರಾಠಿಯ ಒಡನಾಟವುಳ್ಳ ನಮ್ಮ ಶಹಾಪುರದ ಓಣಿಗಳಲ್ಲಿ ತುರಂಗ, ವಿನೋದಕ್ಕೆ ಮಾವನ ಮನೆ, ವ್ಯಂಗ್ಯಕ್ಕೆ ಕೃಷ್ಣಜನ್ಮಸ್ಥಾನ. ಈ ಹೆಸರುಗಳೆಲ್ಲ ಗೋಡೆಯನ್ನು ಸೂಚಿಸುತ್ತವೆಯೇ ಹೊರತು ಗೋಡೆಯೊಳಗೆ ಮನುಷ್ಯನು ಕಳೆಯುವ ಹೊತ್ತನ್ನು ಸೂಚಿಸುವುದಿಲ್ಲ. ಆದರೆ ಸೆರೆಯೆಂಬುದು ನಿಜವಾಗಿ ಕಾಲದ ಶಿಕ್ಷೆ. ನ್ಯಾಯಾಲಯವು ವಿಧಿಸುವುದು ವರ್ಷಗಳ ಲೆಕ್ಕದಲ್ಲಿ; ಕೈದಿಯು ಅನುಭವಿಸುವುದು ದಿನದ 24 ತಾಸುಗಳ ಲೆಕ್ಕದಲ್ಲಿ. ಆ 24ರಲ್ಲಿ ಎಷ್ಟು ತಾಸು ಅವನ ಕೋಣೆಯ ಬಾಗಿಲು ತೆರೆದಿರಬೇಕು? ಇದನ್ನು ನಿರ್ಣಯಿಸಬೇಕಾದವರು ಯಾರು? ಬೀಗದ ಕೈ ಹಿಡಿದ ಅಧಿಕಾರಿಯೋ, ಶಾಸನವೋ?

ನಮ್ಮ ಊರಿನವರಿಗೆ ಇದು ದೂರದ ಪ್ರಶ್ನೆಯಲ್ಲ. ಬೆಳಗಾವಿಯ ಮಗ್ಗುಲಲ್ಲಿಯೇ 1923ರಲ್ಲಿ ಕಟ್ಟಿದ ಹಿಂಡಲಗಾ ಕೇಂದ್ರ ಕಾರಾಗೃಹವಿದೆ. ಕನ್ನಡದ ವಿದ್ಯಾರ್ಥಿಗಳಿಗೆ ಹಿಂಡಲಗಾ ಎಂದರೆ ಬೇಂದ್ರೆಯವರ ನೆನಪು. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರಕಾರವು ಅವರನ್ನು ಅಲ್ಲಿ ಸೆರೆಯಿಟ್ಟಿತು. ಅನಂತರ ಅವರು ಮುಗದದಲ್ಲಿ ನಜರಬಂದಿಯಾಗಿದ್ದರು. ಇಂದು ಕಾನೂನಿನ ವಿದ್ಯಾರ್ಥಿಗಳು ಅದೇ ಹಿಂಡಲಗಾವನ್ನು ಬೇರೊಂದು ಕಾರಣಕ್ಕಾಗಿ ಓದುತ್ತಿದ್ದಾರೆ. ಆ ಕಾರಣವು ಕವಿತೆಯಷ್ಟು ಶುಭ್ರವಾದುದಲ್ಲ.

1998ರಲ್ಲಿ ಬೆಂಗಳೂರಿನಲ್ಲಿ ವಿಧವೆಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಅಪರಾಧಿಗೆ ಮರಣದಂಡನೆಯನ್ನು ವಿಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2013ರ ಮೇ 12ರಂದು ಕ್ಷಮಾದಾನದ ಅರ್ಜಿಯು ತಿರಸ್ಕೃತವಾಯಿತು. ಆದರೆ ಮರಣದಂಡನೆಯ ತೀರ್ಪು ಹೊರಬಿದ್ದ 2006ರಿಂದಲೇ ಅವನನ್ನು ಬೆಳಗಾವಿಯ ಸೆರೆಮನೆಯಲ್ಲಿ ಇತರರಿಂದ ಬೇರ್ಪಡಿಸಿ ಒಂಟಿ ಕೋಣೆಯಲ್ಲಿ ಇಡಲಾಗಿದ್ದಿತು. 2016ರವರೆಗೆ ಸುಮಾರು ಹತ್ತು ವರ್ಷ ಹೀಗೆಯೇ ನಡೆಯಿತು. ‘ಬಿ.ಎ. ಉಮೇಶ್ ವಿರುದ್ಧ ಭಾರತ ಒಕ್ಕೂಟ’ ಎಂಬ ಪ್ರಕರಣದಲ್ಲಿ 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರನ್ನೊಳಗೊಂಡ ಮೂವರ ಪೀಠವು ಈ ಬಂಧನವು ಕಾನೂನಿಗೆ ವಿರುದ್ಧವಾದುದೆಂದು ಕಂಡು, ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ಕನಿಷ್ಠ 30 ವರ್ಷ ಕಳೆಯುವವರೆಗೆ ಬಿಡುಗಡೆಯ ಅರ್ಜಿಯನ್ನು ಪರಿಶೀಲಿಸುವಂತಿಲ್ಲವೆಂಬ ಕಟ್ಟುಪಾಡನ್ನೂ ಹಾಕಿತು.

ನಾನು ಕಾನೂನು ಕಲಿತವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದುದರಿಂದ ಈ ವಿಷಯವನ್ನು ಶಬ್ದಗಳ ದಾರಿಯಿಂದಲೇ ಪ್ರವೇಶಿಸಬೇಕಾಗಿದೆ. ನಮ್ಮ ಕಾನೂನಿನ ಕನ್ನಡದಲ್ಲಿ ಈ ಶಿಕ್ಷೆಗೆ ‘ಏಕಾಂತ ಬಂಧನ’ ಎಂಬ ಹೆಸರು ರೂಢಿಯಾಗಿದೆ. ಏಕಾಂತವು ಯೋಗಿಯು ಬಯಸುವಂಥದು, ಕವಿಯು ಅರಸುವಂಥದು. ಬೇಕೆಂದಾಗ ಹೊಕ್ಕು, ಸಾಕೆಂದಾಗ ಹೊರಬರುವಂಥದು. ಹೊರಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ ಏಕಾಂತವೆಲ್ಲಿಯದು? ಅಲ್ಲಿರುವುದು ಬರಿಯ ಒಂಟಿತನ. ಅದನ್ನು ‘ಒಂಟಿಸೆರೆ’ ಎಂದು ಕರೆಯುವುದೇ ಪ್ರಾಮಾಣಿಕವೆಂದು ನನಗೆ ತೋರುತ್ತದೆ.

ಶಾಸನದಲ್ಲಿಯೂ ಹೆಸರುಗಳ ಆಟವಿದೆ. 1860ರ ಭಾರತೀಯ ದಂಡ ಸಂಹಿತೆಯು ಒಂಟಿಸೆರೆಯನ್ನು ವಿಧಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಮಾತ್ರ ಕೊಟ್ಟಿತು. ಅದಕ್ಕೂ ಬಿಗಿಯಾದ ಮಿತಿ ಹಾಕಿತು. ಒಟ್ಟಿನಲ್ಲಿ ಮೂರು ತಿಂಗಳನ್ನು ಮೀರಕೂಡದು. ಒಂದು ಸಲಕ್ಕೆ 14 ದಿನಗಳನ್ನು ಮೀರಕೂಡದು. ನಡುವೆ ಅಷ್ಟೇ ದಿನಗಳ ಬಿಡುವು ಇರಬೇಕು. 1894ರ ಕಾರಾಗೃಹಗಳ ಅಧಿನಿಯಮವು ಸೆರೆಮನೆಯ ಅಧಿಕಾರಿಗೆ ಬೇರೆ ಎರಡು ಶಿಕ್ಷೆಗಳನ್ನು ಒದಗಿಸಿತು. ಒಂದು ಪ್ರತ್ಯೇಕ ಬಂಧನ, ಮತ್ತೊಂದು ಕೋಣೆಬಂಧನ. ಪ್ರತ್ಯೇಕ ಬಂಧನದಲ್ಲಿ ಇರುವವನಿಗೆ ದಿನಕ್ಕೆ ಒಂದು ತಾಸಿಗೆ ಕಡಮೆಯಿಲ್ಲದ ವ್ಯಾಯಾಮವೂ ಇನ್ನೊಬ್ಬ ಕೈದಿಯ ಜೊತೆಯಲ್ಲಿ ಊಟವೂ ದೊರೆಯಬೇಕೆಂದು ಅಲ್ಲಿಯೇ ವಿವರಣೆಯಿದೆ. ಒಂದು ತಾಸು, ನಮ್ಮ ಹಿರಿಯರ ಲೆಕ್ಕದಲ್ಲಿ ಎರಡೂವರೆ ಗಳಿಗೆ! ಪರಕೀಯರ ಆಳ್ವಿಕೆಯೂ ಮನುಷ್ಯನಿಗೆ ಇಷ್ಟು ಬಯಲು ಬೇಕೆಂದು ಒಪ್ಪಿಕೊಂಡಿದ್ದಿತು. ಆದರೆ ಆ ತಾಸು ಮೂರು ಹೆಸರುಗಳಲ್ಲಿ ಒಂದಕ್ಕೆ ಮಾತ್ರ ಅಂಟಿಕೊಂಡಿತು. ಮರಣದಂಡನೆಗೆ ಗುರಿಯಾದವನ ಕುರಿತು ಅದೇ ಅಧಿನಿಯಮದ 30ನೆಯ ಪ್ರಕರಣವು, ಅವನನ್ನು ಬೇರೆಯವರಿಂದ ದೂರವಾಗಿ ಕೋಣೆಯಲ್ಲಿಟ್ಟು ಹಗಲಿರುಳು ಕಾವಲಿಡಬೇಕೆಂದು ಹೇಳುತ್ತದೆ. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಹೇಳುವುದಿಲ್ಲ. ಕಾಲದ ಲೆಕ್ಕವಿಲ್ಲದ ಆ ಬಿರುಕಿನಲ್ಲಿಯೇ ಒಂಟಿಸೆರೆಯು ಹೆಸರು ಬದಲಿಸಿಕೊಂಡು ನುಸುಳಿತು.

1978ರಲ್ಲಿ ಸುನೀಲ್ ಬಾತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು ಈ ಬಿರುಕನ್ನು ಮುಚ್ಚಲೆತ್ನಿಸಿತು. ಇದು ಶಿಕ್ಷೆಯಲ್ಲ, ಬರಿಯ ಭದ್ರತೆಯ ಏರ್ಪಾಡು ಎಂಬ ವಾದವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮೊದಲಾದವರು ಒಪ್ಪಲಿಲ್ಲ. ಮೇಲ್ಮನವಿ, ಕ್ಷಮಾದಾನಗಳ ದಾರಿಗಳೆಲ್ಲ ಮುಗಿಯುವವರೆಗೆ ಒಬ್ಬನನ್ನು ಮರಣದಂಡನೆಗೆ ಒಳಗಾದವನೆಂದು ಎಣಿಸಿ ಬೇರೆಯಿಡುವಂತಿಲ್ಲ. ಮುಗಿದ ಮೇಲೆಯೂ 30ನೆಯ ಪ್ರಕರಣವು ಒಂಟಿಸೆರೆಗೆ ಅಪ್ಪಣೆಯಾಗಲಾರದು ಎಂಬುದು ತೀರ್ಪಿನ ಸಾರ. ಹೀಗೆ 1978ರಲ್ಲಿ ತೀರ್ಮಾನವಾದ ವಿಷಯವು 2006ರಲ್ಲಿ ನಮ್ಮ ಹಿಂಡಲಗಾದ ಬಾಗಿಲನ್ನು ತಲಪಿರಲಿಲ್ಲ. 14 ದಿನಗಳ ಮಿತಿಯೆಲ್ಲಿ, ಹತ್ತು ವರ್ಷವೆಲ್ಲಿ!

ಈ ಮಾತನ್ನು ತರಗತಿಯಲ್ಲಿ ಪ್ರಸ್ತಾಪಿಸಿದಾಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ, ಒಂದ್ ಹೆಣ್ಣಮಗಳ ಜೀವಾ ತಗೊಂಡಾವ್ಗ ಗಾಳಿ ಬೆಳಕಿನ ಲೆಕ್ಕಾ ಯಾಕ ಬೇಕ್ರಿ?” ಎಂದು ಕೇಳಿದಳು. ಇಡೀ ತರಗತಿಯೇ ಅವಳ ಪಕ್ಷವಾಗಿದ್ದಿತೆಂಬುದು ಮುಖಗಳಿಂದ ತಿಳಿಯುತ್ತಿದ್ದಿತು. ಆ ಪ್ರಶ್ನೆಯಲ್ಲಿದ್ದ ಕೋಪವು ನ್ಯಾಯವಾದುದು. ಸತ್ತವಳಿಗೆ ಮತ್ತೆ ಯಾವ ಬಯಲೂ ಇಲ್ಲ. ಅವಳ ಮನೆಯವರ ದುಃಖಕ್ಕೆ 14 ದಿನಗಳ ಮಿತಿಯಿಲ್ಲ. ಇದನ್ನು ಮರೆತು ಕೈದಿಯ ಹಕ್ಕನ್ನು ಮಾತನಾಡುವವನ ಮಾತಿಗೆ ತೂಕ ಬಾರದು.

ಆದರೂ ಅವಳಿಗೆ ನಾನು ಎರಡು ಮಾತು ಹೇಳಿದೆನು. ಮೊದಲನೆಯದಾಗಿ, ಆ ಅಪರಾಧಿಗೆ ಏನು ಶಿಕ್ಷೆಯೆಂಬುದನ್ನು ನ್ಯಾಯಾಧೀಶರು ತೆರೆದ ಸಭೆಯಲ್ಲಿ, ಕಾರಣಗಳನ್ನು ಬರೆದು ಹೇಳಿದ್ದರು. ಅವರು ಹೇಳದ ಇನ್ನೊಂದು ಶಿಕ್ಷೆಯನ್ನು ಯಾರೂ ಕಾಣದ ಓಣಿಯೊಂದರಲ್ಲಿ, ಕಾರಣ ಬರೆಯದೆ, ಅವಧಿಯನ್ನು ಗೊತ್ತುಮಾಡದೆ ಕೂಡಿಸಿದರೆ ಅದು ನ್ಯಾಯದ ಹೆಚ್ಚಳವಲ್ಲ; ನ್ಯಾಯದ ಕೈಯಿಂದ ದಂಡವನ್ನು ಕಸಿದುಕೊಂಡಂತೆ. ಎರಡನೆಯದಾಗಿ, ಫಲವೇನಾಯಿತೆಂಬುದನ್ನು ನೋಡಬೇಕು. ಮೂರು ಮೆಟ್ಟಿಲು ಹತ್ತಿ ಸ್ಥಿರವಾಗಿದ್ದ ಮರಣದಂಡನೆಯನ್ನು ಕೊನೆಗೆ ಅಲುಗಿಸಿದುದು ಸೆರೆಮನೆಯ ಆಡಳಿತವು ಬಾಗಿಲು ಮುಚ್ಚಿಟ್ಟ ರೀತಿ. ಗಲ್ಲು ಬೇಕೆಂದವರಿಗೂ ಬೇಡವೆಂದವರಿಗೂ ಇದರಿಂದ ದೊರೆಯುವ ಪಾಠ ಒಂದೇ: ಕಾನೂನು ಒಳಗಿನವನಿಗೆ ಹೇಗೋ ಹೊರಗಿನವನಿಗೂ ಹಾಗೆಯೇ. ಅವಳು ಕುಳಿತುಕೊಂಡಳು, ಒಪ್ಪಿದಳೆಂದು ನಾನು ಹೇಳಲಾರೆ.

ಒಂಟಿತನವು ಮನಸ್ಸನ್ನು ಮುರಿಯುತ್ತದೆಂಬುದು ಹೊಸ ಸಂಶೋಧನೆಯಲ್ಲ. 1829ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೈದಿಗಳು ಒಂಟಿಯಾಗಿದ್ದು ಪಶ್ಚಾತ್ತಾಪ ಪಡಲೆಂಬ ಸದುದ್ದೇಶದಿಂದಲೇ ಒಂದು ಮಹಾ ಸೆರೆಮನೆಯನ್ನು ತೆರೆದರು. 1842ರಲ್ಲಿ ಅದನ್ನು ಕಂಡ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ದೇಹಕ್ಕೆ ಕೊಡುವ ಹಿಂಸೆಗಿಂತ ಇದು ಕ್ರೂರವೆಂದು ತನ್ನ ಪ್ರವಾಸಗ್ರಂಥದಲ್ಲಿ ಖಂಡಿಸಿದನು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ, ನೆಲ್ಸನ್ ಮಂಡೇಲಾರ ಹೆಸರಿನ ನಿಯಮಗಳು ಹೆಸರುಗಳ ಗೋಜಿಗೆ ಹೋಗದೆ ಗಡಿಯಾರವನ್ನೇ ಅಳತೆಗೋಲಾಗಿ ಹಿಡಿದಿವೆ: ಅರ್ಥವುಳ್ಳ ಮನುಷ್ಯಸಂಪರ್ಕವಿಲ್ಲದೆ ದಿನಕ್ಕೆ 22 ತಾಸು ಅಥವಾ ಅದಕ್ಕಿಂತ ಹೆಚ್ಚು ಕೂಡಿಟ್ಟರೆ ಅದು ಒಂಟಿಸೆರೆ, ಸತತವಾಗಿ 15 ದಿನ ಮೀರಿದರೆ ನಿಷಿದ್ಧ. ಹೊರಗೆ ದುಡಿಮೆಯಿಲ್ಲದ ಪ್ರತಿಯೊಬ್ಬ ಕೈದಿಗೂ ದಿನಕ್ಕೆ ಒಂದು ತಾಸಾದರೂ ತೆರೆದ ಗಾಳಿಯಲ್ಲಿ ವ್ಯಾಯಾಮ ದೊರೆಯಬೇಕು. ಕೆನಡಾ ದೇಶವು 2019ರಲ್ಲಿ ಬೇರ್ಪಡಿಸಿದ ಕೈದಿಗಳಿಗೂ ಕೋಣೆಯ ಹೊರಗೆ ದಿನಕ್ಕೆ ನಾಲ್ಕು ತಾಸು, ಅದರಲ್ಲಿ ಎರಡು ತಾಸು ಜನರೊಡನೆ ಎಂದು ಶಾಸನ ಮಾಡಿತು. ಅನೇಕರಿಗೆ ಅಷ್ಟು ದೊರೆಯುತ್ತಿಲ್ಲವೆಂದು ಆಂಥನಿ ಡೂಬ್ ಮತ್ತು ಜೇನ್ ಸ್ಪ್ರಾಟ್ ಎಂಬ ವಿದ್ವಾಂಸರು 2021ರಲ್ಲಿ ತೋರಿಸಿದರು. ಹಾಗಾದರೆ ಶಾಸನವು ವ್ಯರ್ಥವಾಯಿತೇ? ಇಲ್ಲ. ತಾಸುಗಳು ಬರೆದಿದ್ದುದರಿಂದಲೇ ಕೊರತೆಯನ್ನು ಅಳೆಯುವುದು ಸಾಧ್ಯವಾಯಿತು. ಬರೆಯದ ಹಕ್ಕಿನ ಕೊರತೆಯನ್ನು ಯಾವ ಕೋಲಿನಿಂದ ಅಳೆಯೋಣ?

ನಮ್ಮಲ್ಲಿ ಕಾನೂನು ಆಯೋಗವು 1971ರಷ್ಟು ಹಿಂದೆಯೇ ಒಂಟಿಸೆರೆಯನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿದ್ದಿತು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು 11 ಮತ್ತು 12ನೆಯ ಪ್ರಕರಣಗಳಾಗಿ ಉಳಿದಿದೆ. ಇರಲಿ, ಸೆರೆಮನೆಗಳ ಆಡಳಿತವು ಸಂವಿಧಾನದಂತೆ ರಾಜ್ಯಗಳಿಗೆ ಸೇರಿದ ವಿಷಯ. ಆಗಿನ ಮೈಸೂರು ರಾಜ್ಯವು 1963ರಲ್ಲಿಯೇ ತನ್ನದಾದ ಕಾರಾಗೃಹ ಅಧಿನಿಯಮವನ್ನು ಮಾಡಿಕೊಂಡಿತು. ನಮ್ಮ ಊರಿನ ಒಂದು ಬದಿಗೆ ಹಿಂಡಲಗಾ ಇದ್ದರೆ, ಇನ್ನೊಂದು ಬದಿಗೆ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವಿದೆ. ಶಾಸನವನ್ನು ಮಾಡುವ ಸಭೆಯೂ ಶಾಸನದ ಫಲವನ್ನು ಉಣ್ಣುವ ಕೋಣೆಯೂ ಒಂದೇ ಊರಿನಲ್ಲಿರುವುದು ಎಲ್ಲ ಊರುಗಳಿಗೂ ಒದಗಿದ ಯೋಗವಲ್ಲ.

ಅಲ್ಲಿ ಕೂಡುವವರಿಂದ ಬೇಕಾದುದು ದೊಡ್ಡ ಗ್ರಂಥವಲ್ಲ. ಬಂಧನದ ಹೆಸರು ಏನೇ ಇರಲಿ, ಕೈದಿಯು ಯಾರೇ ಆಗಿರಲಿ, ದಿನಕ್ಕೆ ಇಂತಿಷ್ಟು ತಾಸು ಕೋಣೆಯ ಹೊರಗೆ, ಅದರಲ್ಲಿ ಇಂತಿಷ್ಟು ಹೊತ್ತು ಮನುಷ್ಯರ ಜೊತೆಯಲ್ಲಿ ಎಂಬ ಒಂದು ವಾಕ್ಯವು ಅಧಿನಿಯಮದಲ್ಲಿಯೇ ಇರಬೇಕು. ಅದು ಅಧಿಕಾರಿಯ ಕೃಪೆಗೆ ಬಿಟ್ಟ ವಿಷಯವಾಗಬಾರದು. ಅದರ ಜೊತೆಗೆ ಒಂದು ದಫ್ತರ: ಬಾಗಿಲು ತೆರೆದ ಹೊತ್ತು, ಮುಚ್ಚಿದ ಹೊತ್ತು, ತೆರೆಯದಿದ್ದರೆ ಕಾರಣ, ಕೆಳಗೆ ರುಜು. ಸೆರೆಮನೆಯನ್ನು ತಪಾಸಣೆ ಮಾಡಲು ಬರುವ ನ್ಯಾಯಾಧೀಶರು ಮೊದಲು ಕೇಳಬೇಕಾದುದು ಆ ದಫ್ತರವನ್ನು. 2006ರಿಂದ ಅಂಥ ಪುಟಗಳು ಅವರ ಕಣ್ಣಿಗೆ ಬೀಳುತ್ತಿದ್ದರೆ ಹದಿನೈದನೆಯ ದಿನವೇ ಕೇಳಬಹುದಾಗಿದ್ದ ಪ್ರಶ್ನೆಯು ಹದಿನಾರು ವರ್ಷಗಳ ತರುವಾಯ ದಿಲ್ಲಿಯಲ್ಲಿ ಉತ್ತರ ಪಡೆಯಬೇಕಾಗುತ್ತಿರಲಿಲ್ಲ.