ಈ ರಸ್ತೆ ಯಾರ ಲೆಕ್ಕದಲ್ಲಿದೆ?

ಮಲೆನಾಡಿನ ತಾಲ್ಲೂಕುಗಳಲ್ಲಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಈಗಲೂ ಊರವರು ಅರ್ಜಿ ಬರೆಸಲು ಬರುತ್ತಾರೆ. "ಸಾರ್, ಎಮ್ಮೆಲ್ಲೆಗೆ ಕೊಡೋದೋ, ಎಂಪಿಗೆ ಕೊಡೋದೋ?" ಎನ್ನುವುದು ಅವರ ಪ್ರಶ್ನೆ. ನನ್ನದು ಒಂದೇ ಮರುಪ್ರಶ್ನೆ: ಆ ರಸ್ತೆ ಯಾರ ಲೆಕ್ಕದಲ್ಲಿದೆ?

ಉತ್ತರ ಗೊತ್ತಿರುವವರು ಕಡಿಮೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರುತ್ತವೆ. ಊರೊಳಗಿನ ಓಣಿ ಗ್ರಾಮ ಪಂಚಾಯ್ತಿಯದು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ 13ನೆಯದೇ ರಸ್ತೆ, ಮೋರಿ, ಸೇತುವೆ. ಹೆಸರಿಗೆ ವಹಿಸಿದ್ದಾಯಿತು, ದುಡ್ಡಿನ ಚೀಲ ಮಾತ್ರ ಮೇಲೆಯೇ ಉಳಿಯಿತು. ಇನ್ನು ಯಾವ ರಿಜಿಸ್ಟರಿನಲ್ಲೂ ಇಲ್ಲದ ದಾರಿಗೆ ಯಾರು ಮನಸ್ಸು ಮಾಡಿದರೂ ಸರ್ಕಾರಿ ಹಣ ಹಾಕುವುದು ಕಷ್ಟ, ಆಡಿಟ್‌ನವರು ಬಿಡುವುದಿಲ್ಲ.

2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ದೊಡ್ಡ ಬದಲಾವಣೆ ತಂದದ್ದು ನಿಜ. ಮೊದಲು ಕಾಮಗಾರಿಯ ಖರ್ಚು ಪೂರ್ತಿ ಕೇಂದ್ರದ್ದು. 2015ರಿಂದೀಚೆಗೆ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40. ಬಯಲು ಪ್ರದೇಶದಲ್ಲಿ 500 ಜನಸಂಖ್ಯೆ ಇರುವ ಜನವಸತಿಗೆ ರಸ್ತೆ ಎಂಬುದು ಲೆಕ್ಕಾಚಾರ. ಮಂಡ್ಯಕ್ಕೆ, ರಾಯಚೂರಿಗೆ ಅದು ಸರಿ. ಗುಡ್ಡಕ್ಕೆ ನಾಲ್ಕು ಮನೆ, ಹಳ್ಳ ದಾಟಿದರೆ ಇನ್ನಾರು ಮನೆ ಎನ್ನುವ ನಮ್ಮ ಕಡೆ 500 ತಲೆ ಎಲ್ಲಿಂದ ಎಣಿಸುವುದು? 2024ರಲ್ಲಿ ಮಂಜೂರಾದ ನಾಲ್ಕನೇ ಹಂತದಲ್ಲಿ ದೇಶದ 25,000 ಜನವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ, 70,125 ಕೋಟಿ ರೂಪಾಯಿ. ಎಣಿಕೆಗೆ ಹಿಡಿದದ್ದು ಮಾತ್ರ 2011ರ ಜನಗಣತಿ.

ಈ ಯೋಜನೆಯ ರಸ್ತೆಯಾದರೆ ಐದು ವರ್ಷದ ನಿರ್ವಹಣೆ ಕಟ್ಟಿದ ಗುತ್ತಿಗೆದಾರನದೇ. ಬದಿಯ ಬೋರ್ಡು ಓದಿ ನೋಡಿ, ಕೆಲಸ ಮುಗಿದ ತಾರೀಕು ಸಿಗುತ್ತದೆ. ಅವಧಿಯೊಳಗೆ ಕಿತ್ತುಹೋದರೆ ಧೈರ್ಯವಾಗಿ ದೂರು ಕೊಡಬಹುದು. ಆರನೇ ಮಳೆಗಾಲದಿಂದ ರಾಜ್ಯದ ಪಾಡು, ಅಲ್ಲಿಂದಲೇ ನನ್ನ ತಕರಾರು. ರಸ್ತೆ ಹಾಳಾಗುವುದು ಗುಂಡಿಯಿಂದಲ್ಲ, ಬದಿಯ ಚರಂಡಿಯಿಂದ. ಮೇ ತಿಂಗಳಲ್ಲಿ ದರಗು, ಅಡಿಕೆ ಸೋಗೆ, ಗುಡ್ಡದಿಂದ ಜಾರಿದ ಮಣ್ಣು ಸೇರಿ ಚರಂಡಿ ಮುಚ್ಚಿರುತ್ತದೆ. ಜೂನಿನ ನೀರು ರಸ್ತೆ ಮೇಲೇ ಹರಿದು ಡಾಂಬರಿನ ಅಂಚನ್ನು ಮೊದಲು ಕೊರೆಯುತ್ತದೆ, ಆಮೇಲೆ ಅಡಿಯ ಜಲ್ಲಿಯನ್ನು ಸಡಿಲಿಸುತ್ತದೆ. ಗುದ್ದಲಿ ಹಿಡಿದ ಇಬ್ಬರು ಆಳಿನ ಕೆಲಸ ಅದು. ಆದರೆ ಚರಂಡಿ ಬಿಡಿಸುವುದಕ್ಕೆ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲವಲ್ಲ!

ಸಂಕದ ಕಥೆ ಬೇರೆ. ಎರಡು ಅಡಿಕೆ ಮರ ಜೋಡಿಸಿ, ಕೈಗೆ ಬಿದಿರು ಕಟ್ಟಿದ ಕಾಲುಸಂಕ ಆಷಾಢಕ್ಕೆ ಪಾಚಿ ಹಿಡಿಯುತ್ತದೆ; ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ನಮ್ಮ ಪುಸ್ತಕದ ಪ್ರಕಾರ ಆರು ಮೀಟರ್ ಉದ್ದದವರೆಗೆ ಅದು ಮೋರಿ, ಮೇಲ್ಪಟ್ಟರೆ ಸೇತುವೆ. ಮೋರಿಯಾದರೆ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನದಲ್ಲಿ ಪಂಚಾಯ್ತಿಯೇ ಕೈಹಾಕಬಹುದು. ಇಲ್ಲವೇ ಶಾಸಕರ ನಿಧಿ ಇದೆ. ವರ್ಷಕ್ಕೆ 2 ಕೋಟಿ, ಅದೂ ಇಡೀ ಕ್ಷೇತ್ರಕ್ಕೆ. ಸೇತುವೆಯಾದರೆ ಲೋಕೋಪಯೋಗಿ ಇಲಾಖೆಯ ಬಾಗಿಲು ತಟ್ಟಬೇಕು. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ಸರ್ಕಾರ ಸಾಲ ತಂದು ಕಟ್ಟಿಸುವುದೂ ಉಂಟು.

ಇವೆಲ್ಲಕ್ಕೂ ಕಾಯಲಾಗದವರಿಗೆ ಆಸರೆಯಾದದ್ದು ತೂಗುಸೇತುವೆ. 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಗಿರೀಶ್ ಭಾರದ್ವಾಜ್ ಮುಂದೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದರ ಮೇಲೆ ಆ್ಯಂಬುಲೆನ್ಸ್ ಬಾರದು. ತೂಗುಸೇತುವೆ ಆಯಿತಲ್ಲ ಎಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ.

ಕಾಡಿನ ಅಂಚಿನವರಿಗೆ ಒಂದು ಮಾತು. "ಫಾರೆಸ್ಟ್‌ನವರು ಬಿಡಲ್ಲ" ಎಂದು ಕೈಚೆಲ್ಲಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ರಸ್ತೆಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿ ಬಿಟ್ಟುಕೊಡಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು. ಅದಕ್ಕೆ ಬೇಕಾದದ್ದು ಮಂತ್ರಿಗಳ ಶಿಫಾರಸಲ್ಲ, ಗ್ರಾಮಸಭೆಯ ಶಿಫಾರಸು. ವಿಧಾನಸೌಧದ ಬಸ್ಸು ಹತ್ತುವ ಮೊದಲು ಆ ಠರಾವಿನ ನಕಲು ಮಾಡಿಸಿಕೊಳ್ಳಿ ಎನ್ನುತ್ತೇನೆ ನಾನು, ಬಂದವರಿಗೆ.