ಶೈತ್ಯಾನಿಲ ಖರೀದಿ: ಬಿಲ್ಲಿನೊಡನೆ ಘೋಷಣೆಯೂ ಇರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಗೆ ಶೀತಲ ಯಂತ್ರದ ಹಂಗಿಲ್ಲ. ಅಟ್ಟಕ್ಕೇರಿದ ಕಾಯಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು ತಾನಾಗಿ ಕೊಬ್ಬರಿಯಾಗುತ್ತದೆ. ಆದರೆ ಎಳನೀರಿನ ಪ್ಯಾಕಿಂಗ್, ತೆಂಗಿನ ಹಾಲು, ನೀರಾ, ಐಸ್‌ಕ್ರೀಮ್ ಮುಂತಾದವುಗಳಿಗೆ ಕೈಹಾಕುವ ಉದ್ದಿಮೆದಾರರಿಗೆ ಶೈತ್ಯಾನಿಲ ಅನಿವಾರ್ಯ. ‘ಗ್ಯಾಸ್ ತುಂಬಿಸುವುದು ಮೆಕ್ಯಾನಿಕನ ಕೆಲಸ’ ಎಂದು ಮಾಲೀಕರು ಸುಮ್ಮನಿರುವಂತಿಲ್ಲ; ಖರೀದಿಗೂ ಕಾನೂನಿನ ಕಟ್ಟುಪಾಡುಗಳಿವೆ.

ಮೊದಲು ನೋಡಬೇಕಾದುದು ಯಂತ್ರದ ಫಲಕ. ಅದರಲ್ಲಿ ಆರ್-22 ಎಂದಿದ್ದರೆ ಆ ಅನಿಲವು ಓಜೋನ್ ಪದರಕ್ಕೆ ಹಾನಿಕಾರಕ ವಸ್ತುಗಳ (ನಿಯಂತ್ರಣ) ನಿಯಮಗಳು, 2000ರ ವ್ಯಾಪ್ತಿಗೆ ಒಳಪಡುತ್ತದೆ. ಇಂತಹ ಅನಿಲದ ಮಾರಾಟಗಾರರು ನೋಂದಣಿ ಪಡೆದಿರಬೇಕು. ದಾಸ್ತಾನಿಗಾಗಿ ಅಥವಾ ನಿಯಮಗಳ ಪಟ್ಟಿಯಲ್ಲಿರುವ ಚಟುವಟಿಕೆಗಳಿಗಾಗಿ ಕೊಳ್ಳುವವರು ಖರೀದಿಯ ಉದ್ದೇಶವನ್ನು ತಿಳಿಸುವ ಘೋಷಣೆಯನ್ನು ಮಾರಾಟಗಾರರಿಗೆ ಕೊಡಬೇಕು. ಅಮೆರಿಕದಲ್ಲಿ 1994ರಿಂದಲೇ ಪ್ರಮಾಣಪತ್ರ ಪಡೆದ ತಂತ್ರಜ್ಞರಿಗೆ ಮಾತ್ರ ಇಂತಹ ಅನಿಲದ ಮಾರಾಟವೆಂಬ ನಿರ್ಬಂಧವಿದೆ. ನಮ್ಮ ನಿಯಮಗಳು ನೋಂದಣಿ ಮತ್ತು ಘೋಷಣೆಗೆ ಒತ್ತು ಕೊಟ್ಟಿವೆ.

ಎರಡನೆಯದು ಕಾಲಮಿತಿ. ಮಾಂಟ್ರಿಯಲ್ ಒಪ್ಪಂದದನ್ವಯ 2024ರ ಡಿಸೆಂಬರ್ 31ಕ್ಕೆ ಆರ್-22 ವರ್ಗದ ಅನಿಲಗಳನ್ನು ಹೊಸ ಉಪಕರಣಗಳ ತಯಾರಿಕೆಯಲ್ಲಿ ಬಳಸುವುದು ನಿಂತಿದೆ. ಹಳೆಯ ಯಂತ್ರಗಳ ದುರಸ್ತಿಗೆ ಅದು ದೊರೆಯುತ್ತದೆಯಾದರೂ ಪೂರೈಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. 2030ರ ನಂತರ ಉಳಿಯುವುದು ದುರಸ್ತಿಗೆಂದು ಮೀಸಲಾದ ಅತ್ಯಲ್ಪ ಪ್ರಮಾಣ ಮಾತ್ರ. ಆದ್ದರಿಂದ ಅಗ್ಗವೆಂದು ಹಳೆಯ ಆರ್-22 ಯಂತ್ರವನ್ನು ಕೊಳ್ಳುವವರು ಮುಂದಿನ ಅನಿಲದ ವೆಚ್ಚವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಆರ್-134ಎ, ಆರ್-404ಎ, ಆರ್-410ಎ ಅನಿಲಗಳು ಓಜೋನಿಗೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯ ತಾಪವನ್ನು ಹೆಚ್ಚಿಸುತ್ತವೆ. ಭಾರತವು 2021ರಲ್ಲಿ ಅನುಮೋದಿಸಿದ ಕಿಗಾಲಿ ತಿದ್ದುಪಡಿಯಂತೆ ಇವುಗಳ ಬಳಕೆಗೆ 2028ರಲ್ಲಿ ಮಿತಿ ಬೀಳುತ್ತದೆ. 2032ರಿಂದ ಇಳಿಕೆ ಆರಂಭವಾಗುತ್ತದೆ. ದೊಡ್ಡ ಶೈತ್ಯಾಗಾರಗಳ ಅಮೋನಿಯಾಕ್ಕೆ ಈ ಎರಡೂ ಕಟ್ಟುಪಾಡುಗಳಿಲ್ಲ. ಆದರೆ ಅದು ವಿಷಾನಿಲವಾದ್ದರಿಂದ ಸುರಕ್ಷತಾ ನಿಯಮಗಳು ಕಠಿಣವಾಗಿವೆ.

ಅನಿಲದಂತೆ ಸಿಲಿಂಡರೂ ಮುಖ್ಯ. ಗ್ಯಾಸ್ ಸಿಲಿಂಡರ್ ನಿಯಮಗಳು, 2016ರಂತೆ ಅದು ಅನುಮೋದಿತ ಮಾದರಿಯದಾಗಿದ್ದು, ನಿಗದಿತ ಅವಧಿಯೊಳಗೆ ಪರೀಕ್ಷೆಗೆ ಒಳಪಟ್ಟಿರಬೇಕು. ಪರೀಕ್ಷೆಯ ಗುರುತಿಲ್ಲದ ಸಿಲಿಂಡರನ್ನು ಆವರಣದೊಳಗೆ ಬಿಡದಿರುವುದು ಕ್ಷೇಮ.

ಬಿಲ್ಲಿಲ್ಲದ ಅನಿಲ ಅಗ್ಗವಾಗಿ ಕಂಡರೂ ಲಾಭದ್ದಲ್ಲ. ಶೈತ್ಯಾನಿಲಕ್ಕೆ ಶೇ. 18 ಜಿಎಸ್‌ಟಿ ಇದೆ. ತೆರಿಗೆ ಬೀಳುವ ಸರಕು ತಯಾರಿಸುವವರಿಗೆ ಈ ಮೊತ್ತ ಹೂಡುವಳಿ ತೆರಿಗೆ ಜಮೆಯಾಗಿ ಹಿಂದಕ್ಕೆ ಬರಬೇಕಾದರೆ ಕ್ರಮಬದ್ಧ ಇನ್‌ವಾಯ್ಸ್ ಬೇಕು. ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ಕಲಬೆರಕೆ ಅನಿಲದಿಂದ ಕಂಪ್ರೆಸರ್ ಕೆಟ್ಟರೆ, ಬಿಲ್ಲಿಲ್ಲದವರು ಯಾರನ್ನು ಕೇಳಬೇಕು?

ಪರಿಸರ ಸಂರಕ್ಷಣಾ ಕಾಯ್ದೆ, 1986ರಡಿ ನಿಯಮ ಮೀರಿದವರಿಗೆ ಹಿಂದೆ ಐದು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿತ್ತು. ಜನ ವಿಶ್ವಾಸ ಕಾಯ್ದೆ, 2023ರ ತಿದ್ದುಪಡಿಯಿಂದಾಗಿ 2024ರ ಏಪ್ರಿಲ್ 1ರಿಂದ ಅದರ ಬದಲಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಸಣ್ಣ ಘಟಕವೊಂದನ್ನು ಮುಚ್ಚಿಸಲು ಅಷ್ಟು ಸಾಕು.

ಪ್ರತಿ ಯಂತ್ರಕ್ಕೂ ಒಂದು ಪುಟ ತೆರೆದು ಅನಿಲದ ಹೆಸರು, ತುಂಬಿಸಿದ ದಿನಾಂಕ, ತೂಕ, ಬಿಲ್ ಸಂಖ್ಯೆ ಮತ್ತು ಘೋಷಣೆಯ ಪ್ರತಿಯನ್ನು ಇಡುವುದು ಒಳ್ಳೆಯದು. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಅನಿಲ ಎಣ್ಣೆಯಂತೆ ಉರಿದು ಖರ್ಚಾಗುವಂಥದಲ್ಲ. ಅದೇ ಯಂತ್ರದ ಪುಟದಲ್ಲಿ ಮತ್ತೆ ಮತ್ತೆ ಖರೀದಿ ಕಂಡುಬಂದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ. ಅದನ್ನು ಮುಚ್ಚಿಸುವುದು ಮುಂದಿನ ಸಿಲಿಂಡರಿಗಿಂತ ಅಗ್ಗ.